ಪರದೆಯ ಸ್ಪ್ರಿಂಗ್ ಬಡಿದ ಕಣ್ಣು

ಕೊಕ್ಕೆ ಕಣ್ಣಿಗೆ ಬಡಿದಾಗ ನಾನು ಖಾನಾಪುರದಲ್ಲಿ, ಅಣ್ಣನ ಮನೆಯ ಕಿಟಕಿಯ ಮುಂದೆ, ದಿವಾನದ ಮೇಲೆ ನಿಂತಿದ್ದೆ. ಆ ಮಧ್ಯಾಹ್ನ ಅಣ್ಣನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಒಗೆದು ಇಸ್ತ್ರಿ ಮಾಡಿದ ಪರದೆಗಳನ್ನು ಹಾಕುವ ಕೆಲಸ ನನಗೂ ಅಣ್ಣನ ಹೆಂಡತಿ ವೈನಿಗೂ ಬಿದ್ದಿತ್ತು. ಪರದೆಯೊಳಗೆ ತೂರಿಸುವ ಸ್ಪ್ರಿಂಗ್ ಇರುತ್ತದಲ್ಲ, ಎರಡೂ ತುದಿಗೆ ಕೊಕ್ಕೆ ಇರುವಂಥದ್ದು. ಒಂದು ತುದಿಯನ್ನು ವೈನಿ ಹಿಡಿದಿದ್ದರು, ಇನ್ನೊಂದನ್ನು ನಾನು.

"ಇನ್ನೊಂದ್ ಸ್ವಲ್ಪ ಜಗ್ಗು ಸುನಂದಾ, ನಿನ್ನ ಕಡಿ ಮೊಳಿಗೆ ಮುಟ್ಟವಲ್ದು," ಎಂದರು ವೈನಿ.

ಜಗ್ಗಿದೆ.

ವೈನಿಯ ಕಡೆಯ ಕೊಕ್ಕೆ ಟಪ್ ಎಂದಿತು, ಅಷ್ಟೇ. ನೋವು ಸ್ವಲ್ಪ ತಡವಾಗಿ ಬಂತು. ಬಲಗಣ್ಣನ್ನು ಮುಚ್ಚಿಕೊಂಡು ದಿವಾನದ ಮೇಲೇ ಕುಸಿದೆ. ವೈನಿಯ ತವರಿನಲ್ಲಿ ಮರಾಠಿ ಮಾತು. ಗಾಬರಿಯಾದರೆ ಅದೇ ಬಾಯಿಗೆ ಬರುತ್ತದೆ. "ಬಘೂ, ಬಘೂ," ನೋಡೋಣ ನೋಡೋಣ ಎನ್ನುತ್ತ ನನ್ನ ಕೈ ಬಿಡಿಸಲು ಹೋದರು. ನಾನು ಬಿಡಲಿಲ್ಲ. ಆಮೇಲೆ ನಿಧಾನಕ್ಕೆ ನಾನೇ ಕೈ ತೆಗೆದೆ. ಆ ಕಣ್ಣಿಗೆ ಕಿಟಕಿ ಇರಲಿಲ್ಲ, ವೈನಿಯ ಮುಖ ಇರಲಿಲ್ಲ. ಕರಿ ಚಹಾ ತುಂಬಿದ ಲೋಟದೊಳಗಿಂದ ನೋಡಿದ ಹಾಗೆ, ಬರೀ ಕಂದುಗೆಂಪು.

ನನ್ನ ಎಡಗಣ್ಣು ಚಿಕ್ಕಂದಿನಿಂದ ಮಂದ.

ಚಷ್ಮಾ ಹಾಕಿದರೂ ಅದಕ್ಕೆ ಬಸ್ಸಿನ ಬೋರ್ಡು ಕಾಣುವುದಿಲ್ಲ. ಇಷ್ಟು ವರ್ಷ ಓದಿದ್ದು, ದುಡಿದಿದ್ದು, ಅಡುಗೆ ಮಾಡಿದ್ದು ಎಲ್ಲ ಬಲಗಣ್ಣಿನಿಂದಲೇ. ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಯಂತ್ರದಿಂದ ಇಳಿದ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸ ನನ್ನದು. ಕೂದಲಿನಷ್ಟು ಗೀರು ಇದ್ದರೂ ಹಿಡಿಯಬೇಕು. ಹಿಡಿಯುತ್ತಿದ್ದೆ.

ಅಣ್ಣ ಕಾರು ತೆಗೆದ. ಬೆಳಗಾವಿಗೆ ಹೊರಟೆವು. ಪ್ರತಿ ಹಂಪ್ಸ್ ಬಂದಾಗ ವೈನಿ ನನ್ನ ತಲೆಯನ್ನು ಎದೆಗೆ ಒತ್ತಿ ಹಿಡಿಯುತ್ತಿದ್ದರು. ನಾನು ಮಂದಗಣ್ಣನ್ನು ತೆರೆದು ಹೊರಗೆ ನೋಡುತ್ತ, ಇನ್ನು ಮುಂದೆ ಇಷ್ಟೇನಾ ಎಂದು ಅಳತೆ ಹಾಕುತ್ತಿದ್ದೆ. ಮರಗಳೆಂದರೆ ಹಸಿರು ರಾಶಿ. ಮನುಷ್ಯರೆಂದರೆ ಅಲ್ಲಾಡುವ ಬಣ್ಣ.

ಕಣ್ಣಿನ ಆಸ್ಪತ್ರೆಯ ಡಾಕ್ಟರು ನನಗಿಂತ ಚಿಕ್ಕವರು. ಮಷೀನಿನ ಮುಂದೆ ಗದ್ದ ಇಡಿಸಿ ಬಹಳ ಹೊತ್ತು ನೋಡಿದರು.

"ಕಣ್ಣಿನ ಒಳಗ ಬ್ಲೀಡಿಂಗ್ ಆಗೇತ್ರಿ. ಹೈಫೀಮಾ ಅಂತೀವಿ. ಈಗಿಂದಕ್ಕಿಂತ ನನಗ ಮುಂದಿನ ನಾಕೈದು ದಿನದ್ದ ಚಿಂತಿ. ಮತ್ತ ಬ್ಲೀಡ್ ಆದ್ರ ಕಣ್ಣಿನ ಪ್ರೆಶರ್ ಏರತೈತಿ."

"ಕಣ್ಣು ಹೋಗತೈತೇನ್ರಿ?"

"ಈಗ ಹೇಳಾಕ ಆಗಂಗಿಲ್ರಿ."

ಸುಳ್ಳಾದರೂ ಹೇಳಬಾರದಿತ್ತೇ ಅನ್ನಿಸಿತು.

ಕಣ್ಣಿಗೆ ಪ್ಲಾಸ್ಟಿಕ್ ಶೀಲ್ಡ್ ಅಂಟಿಸಿ ಮನೆಗೆ ಕಳಿಸಿದರು. ತಲೆಯ ಕೆಳಗೆ ದಿಂಬುಗಳನ್ನು ಪೇರಿಸಿಕೊಂಡು ಅರ್ಧ ಕುಳಿತು ಅರ್ಧ ಮಲಗಿರಬೇಕು. ಬಗ್ಗುವಂತಿಲ್ಲ. ಭಾರ ಎತ್ತುವಂತಿಲ್ಲ. ಜೋರಾಗಿ ಕೆಮ್ಮುವಂತಿಲ್ಲ. ನನ್ನ ಗಂಡನಿಗೆ ರಜೆ ಸಿಗಲಿಲ್ಲ. ವೈನಿ ಗಂಡಿನ ಕಡೆಯವರಿಗೆ ಸದ್ಯಕ್ಕೆ ಬರಬೇಡಿರೆಂದು ಹೇಳಿ, ಬಟ್ಟೆ ತುಂಬಿಕೊಂಡು ನಮ್ಮ ಮನೆಗೆ ಬಂದರು. ಒಗ್ಗರಣೆಯ ಘಾಟಿಗೆ ನನಗೆ ಸೀನು ಬಂದೀತೆಂದು ಹೆದರಿ ಒಗ್ಗರಣೆಯನ್ನೇ ಬಿಟ್ಟರು. ಸಪ್ಪೆ ಸಾರೇ ಉಂಡೆವು. ಒಂದು ಸೀನಿಗೆ ಇಷ್ಟು ಹೆದರಬಹುದೆಂದು ನನಗೆ ಗೊತ್ತಿರಲಿಲ್ಲ. ಮೂಗು ತುರಿಸಿದರೆ ಸಾಕು, ಅದನ್ನು ಒತ್ತಿ ಹಿಡಿದು ಬಾಯಲ್ಲಿ ಉಸಿರಾಡುತ್ತಿದ್ದೆ.

ತಾಸಿಗೊಮ್ಮೆ ಡ್ರಾಪ್ಸ್ ಹಾಕಬೇಕಿತ್ತು. ವೈನಿಯೇ ಹಾಕುತ್ತಿದ್ದರು. ಅವರ ಕೈ ಕಣ್ಣಿನ ಹತ್ತಿರ ಬರುತ್ತಿದ್ದಂತೆ ನನ್ನ ತಲೆ ತಾನಾಗಿ ದಿಂಬಿನೊಳಗೆ ಹೂತುಕೊಳ್ಳುತ್ತಿತ್ತು. ಬೇಕೆಂದು ಮಾಡುತ್ತಿರಲಿಲ್ಲ. ಆದರೆ ಗಂಡ ಹಾಕಿದಾಗ ಹಾಗಾಗುತ್ತಿರಲಿಲ್ಲ. ಇದನ್ನು ನಾನು ಗಮನಿಸಿದೆ, ವೈನಿಯೂ ಗಮನಿಸಿದರು.

ಸ್ವಲ್ಪ ತಿಳಿಯಾಗುತ್ತಿದೆ ಎನ್ನುವಾಗ ಒಂದು ಬೆಳಿಗ್ಗೆ ಹಣೆಯೊಳಗೆ ಯಾರೋ ಒದ್ದಂತೆ ನೋವು. ವಾಂತಿ. ಶೀಲ್ಡ್ ತೆಗೆದರೆ ಮತ್ತೆ ಕೆಂಪು.

ಎರಡನೇ ಸಲ ಬ್ಲೀಡ್ ಆಗಿತ್ತು.

ಅಡ್ಮಿಟ್ ಮಾಡಿದರು. ಪ್ರೆಶರ್ ಇಳಿಸಲು ಕೊಟ್ಟ ಗುಳಿಗೆಯಿಂದ ಬೆರಳ ತುದಿಗಳು ಜುಮುಗುಟ್ಟತೊಡಗಿ, ಕೈಯೂ ಹೋಯಿತೆಂದುಕೊಂಡೆ. ಅದು ಗುಳಿಗೆಯ ಗುಣ ಎಂದರು ಸಿಸ್ಟರ್. ಸಂಜೆಯೊಳಗೆ ಇಳಿಯದಿದ್ದರೆ ಆಪರೇಶನ್ ಮಾಡಿ ರಕ್ತ ತೊಳೆಯಬೇಕು ಎಂದರು ಡಾಕ್ಟರು. ಅಣ್ಣ ಸಹಿ ಮಾಡಲು ಹೋದ. ವೈನಿ, ನಾನು ಇಬ್ಬರೇ ಉಳಿದೆವು.

"ಅವತ್ತ ಪರದೆ ಹಾಕೂ ಮುಂದ ನನ್ನ ಫೋನ್ ರಿಂಗಾತು," ಎಂದರು ವೈನಿ, ನಾನು ಏನೂ ಕೇಳದಿದ್ದರೂ. "ಗಂಡಿನ ಕಡ್ಯಾವ್ರದ ಇರಬೇಕಂತ ಆ ಕಡಿ ಹೊಳ್ಳಿ ನೋಡಿದ್ನಿ. ಕೈ ಸಡ್ಲಾತು. ಖರೇ ಹೇಳ್ತೀನಿ, ಅಷ್ಟ ಆಗಿದ್ದು."

ಸಿಟ್ಟು ಬಂತು. ಒಂದು ಫೋನಿಗೆ ನನ್ನ ಕಣ್ಣು. ಏನೇನೋ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಹೊತ್ತಿಗೆ ಹೆದರಿಕೆ ಎಷ್ಟು ದೊಡ್ಡದಿತ್ತೆಂದರೆ ಸಿಟ್ಟಿಗೆ ನಿಲ್ಲಲು ಜಾಗವೇ ಇರಲಿಲ್ಲ. ಆ ಕೋಣೆಯಲ್ಲಿ ನನ್ನಷ್ಟೇ ಹೆದರಿದ್ದವರು ಅವರೊಬ್ಬರೇ ಅನ್ನುವುದೂ ತಿಳಿಯುತ್ತಿತ್ತು.

"ಡ್ರಾಪ್ಸಿನ ಟೈಮ್ ಆತ್ರಿ ವೈನಿ," ಎಂದೆ.

"ಸಿಸ್ಟರಿಗೆ ಕರೀಲೇನು?"

"ನೀವ ಹಾಕ್ರಿ."

ಕೈ ಬಂತು. ತಲೆ ಹಿಂದಕ್ಕೆ ಸರಿಯಿತು. ವೈನಿ ಕೈಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ, ಮುಂದೆಯೂ ತರಲಿಲ್ಲ. ಗಾಳಿಯಲ್ಲೇ ಹಿಡಿದು ಕಾದರು. ನನ್ನ ಉಸಿರು ಒಂದು ಹದಕ್ಕೆ ಬಂತು, ಕುತ್ತಿಗೆ ಸಡಿಲವಾಯಿತು. ಆಮೇಲೆ ತಣ್ಣಗೆ ಒಂದು ಹನಿ ಬಿತ್ತು.

ಸಂಜೆ ಡಾಕ್ಟರು ಮತ್ತೆ ಅಳೆದರು. ಇನ್ನೊಮ್ಮೆ ಅಳೆದರು. "ಇಳ್ಯಾಕತ್ತೇತ್ರಿ. ಇವತ್ತ ಆಪರೇಶನ್ ಬ್ಯಾಡ, ಕಾಯೂಣು," ಎಂದರು. ವೈನಿ ಗೋಡೆಗೆ ಮುಖ ಮಾಡಿ ಅತ್ತರು.

ರಕ್ತ ಕರಗಲು ಬಹಳ ದಿನ ಹಿಡಿಯಿತು. ಮೊದಲು ಫ್ಯಾನಿನ ರೆಕ್ಕೆ ಕಂಡಿತು, ಆಮೇಲೆ ಗೋಡೆಯ ಬಿರುಕು, ಕೊನೆಗೆ ಪೇಪರಿನ ಅಕ್ಷರ. ಪೂರ್ತಿ ಮೊದಲಿನಂತೆ ಆಗಲಿಲ್ಲ. ಬಲಗಣ್ಣಿನ ಪಾಪೆ ಅಗಲವಾಗಿಯೇ ಉಳಿದುಬಿಟ್ಟಿದೆ. ಬೆಳಕಿಗೆ ಅದು ಕುಗ್ಗುವುದಿಲ್ಲ. ಗಂಡಿನ ಕಡೆಯವರು ಬಂದಾಗ ನಾನು ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿದ್ದೆ. ನನಗೆ ಕಣ್ಣು ಬಂದಿವೆ, ಅಂಟೀತು ಎಂದುಕೊಂಡು ಹುಡುಗನ ತಾಯಿ ಕುರ್ಚಿಯನ್ನು ಆಚೆ ಸರಿಸಿಕೊಂಡರು. ನಾವು ನಕ್ಕೆವು. ಮದುವೆ ನಿಶ್ಚಯವಾಗಿದೆ. ನಾನು ಕೆಲಸಕ್ಕೂ ಹೋಗುತ್ತಿದ್ದೇನೆ, ಭೂತಗನ್ನಡಿ ಹಿಡಿದುಕೊಂಡು.

ಕಣ್ಣಿನ ಪ್ರೆಶರ್ ಯಾವಾಗ ಬೇಕಾದರೂ ಏರಬಹುದು, ವರ್ಷಗಳ ಮೇಲೂ ಏರಬಹುದು, ಏರಿದ್ದು ನನಗೆ ಗೊತ್ತಾಗಲಿಕ್ಕಿಲ್ಲ ಎಂದಿದ್ದಾರೆ ಡಾಕ್ಟರು. ಬದುಕಿರುವವರೆಗೆ ಚೆಕಪ್ ತಪ್ಪಿಸುವಂತಿಲ್ಲ. ಹಿಂದಿನ ದಿನ ಊಟ ಸೇರುವುದಿಲ್ಲ. ಮಷೀನಿಗೆ ಗದ್ದ ಕೊಟ್ಟು, ಡಾಕ್ಟರು ಬಾಯಿ ಬಿಡುವವರೆಗಿನ ಆ ಗಳಿಗೆ ಇದೆಯಲ್ಲ, ಅದು ಈಗಲೂ ಮೊದಲ ದಿನದಷ್ಟೇ ಉದ್ದ.

ಮೊನ್ನೆಯೂ ಹೋಗಿದ್ದೆವು. ವೈನಿ ಖಾನಾಪುರದಿಂದ ಬೆಳಗಿನ ಬಸ್ಸಿಗೇ ಬಂದಿದ್ದರು.

"ನಾರ್ಮಲ್ ಐತ್ರಿ," ಎಂದರು ಡಾಕ್ಟರು.

ಹೊರಗೆ ಬಿಸಿಲು ಸೂಜಿಯಂತೆ ಚುಚ್ಚಿತು. ಕಣ್ಣು ಮುಚ್ಚಿಕೊಂಡೆ. ವೈನಿ ತಮ್ಮ ಸೆರಗನ್ನು ನನ್ನ ಹಣೆಯ ಮೇಲೆ ನೆರಳಾಗಿ ಹಿಡಿದರು. ಅವರ ಬೆರಳು ರೆಪ್ಪೆಗೆ ತಾಗುವಷ್ಟು ಹತ್ತಿರವಿತ್ತು. ನಾನು ಹಿಂದೆ ಸರಿಯಲಿಲ್ಲ. "ಬಾ, ಈಗ ಯಾವ ಗಾಡೀನೂ ಬರವಲ್ದು," ಎಂದರು. ಕಣ್ಣು ಮುಚ್ಚಿಕೊಂಡೇ ಅವರ ಜೊತೆ ರಸ್ತೆ ದಾಟಿದೆ.