ಮುಲಾಕಾತಿಗೆ ಕಾದ ಮುತ್ಯಾ

ಜೈಲಿನ ಬಾಗಿಲಲ್ಲಿ ನನ್ನ ಕೊರಳಿನ ಲಿಂಗದ ವಿಷಯಕ್ಕೆ ಸ್ವಲ್ಪ ಹೊತ್ತು ತಕರಾರು ನಡೆಯಿತು. ಬೆಲ್ಟು, ಉಂಗುರ, ಮೊಬೈಲು ಎಲ್ಲ ತೆಗೆಸಿಕೊಂಡ ಮೇಲೆ ಲಿಂಗವಿಟ್ಟ ಬೆಳ್ಳಿಯ ಕರಡಿಗೆ ಉಳಿದಿತ್ತು. ಬೆಳ್ಳಿ ಒಳಗೆ ಬಿಡುವಂತಿಲ್ಲ ಎಂದರು. ಲಿಂಗಪೂಜೆ ಇಲ್ಲದೆ ನಾನು ತುತ್ತು ಮುಟ್ಟುವವನಲ್ಲ ಎಂದೆ. ಕೊನೆಗೆ ಅಲ್ಲಿದ್ದ ಹಿರಿಯ ಅಧಿಕಾರಿ ಕರಡಿಗೆಯನ್ನು ಹೊರಗೆ ನಿಂತಿದ್ದ ನನ್ನ ಹೆಂಡತಿಯ ಕೈಗೆ ಕೊಡಿಸಿ, ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿಕೊಳ್ಳಲು ಬಿಟ್ಟರು. ಅವಳು ಕರಡಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದಳು.

ನಾನು ಲಿಂಗಸುಗೂರಿನಲ್ಲಿ ಬಟ್ಟೆ ಅಂಗಡಿ ಇಟ್ಟವನು. ಮುಕ್ಕುಂದದ ಕಡೆ ಅಪ್ಪನ ಕಾಲದ ಗದ್ದೆಗಳಿವೆ. ಕಾಲುವೆಯ ನೀರು ತಿರುಗಿಸುವ ಜಾಗದಲ್ಲಿ ನಮಗೂ ಪಕ್ಕದ ಹೊಲದವರಿಗೂ ಜಗಳವಾಗಿ ಒಬ್ಬ ಮನುಷ್ಯ ತೀರಿಕೊಂಡ. ಆ ದಿನ ನಾನು ಅಲ್ಲಿದ್ದೆ. ನನ್ನ ಕೈಯಲ್ಲಿ ಬಡಿಗೆ ಇರಲಿಲ್ಲ, ಬಿಡಿಸಲು ನಡುವೆ ಹೋಗಿದ್ದೆ. ಆದರೆ ಕೇಸಿನಲ್ಲಿ ನಮ್ಮ ಮನೆಯ ಗಂಡಸರೆಲ್ಲರ ಹೆಸರೂ ಬಂತು. ಉಳಿದವರನ್ನು ಬೇರೆ ಜೈಲುಗಳಿಗೆ ಕಳಿಸಿದರು. ನನಗೆ ಸಿಕ್ಕಿದ್ದು ಊರ ಹೊರಗಿನ ಈ ಸಣ್ಣ ಜೈಲು.

ಒಳಗಿನ ದಿನಗಳಿಗೆ ಒಂದೇ ಆಕಾರ. ಬೆಳಗಾಗುತ್ತಲೇ ಬ್ಯಾರಕ್ಕಿನ ಬೀಗ ತೆಗೆದು ಎಣಿಸುವರು. ಚಹಾ, ಆಮೇಲೆ ಉಪ್ಪಿಟ್ಟು. ನೀರಿನ ತೊಟ್ಟಿಯ ಮುಂದೆ ಸಾಲು. ಮಧ್ಯಾಹ್ನ ಚಪಾತಿ, ಅನ್ನ, ಸಾರು. ಸಂಜೆ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಮತ್ತೆ ಒಳಗೆ. ಅಂಗಡಿಯಲ್ಲಿ ಸಾಲದೆ ಹೋಗುತ್ತಿದ್ದ ಹೊತ್ತು ಇಲ್ಲಿ ಕರಗುತ್ತಲೇ ಇರಲಿಲ್ಲ. ಮೊದಲ ವಾರ ನಾನು ಯಾರೊಂದಿಗೂ ಮಾತಾಡಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಬ್ಯಾರಕ್ಕಿನ ಮೂಲೆಯಲ್ಲಿ ಕಂಬಳಿ ಮಡಚಿ ಹಾಕಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತರೆ ಅಷ್ಟು ಹೊತ್ತು ಮಾತ್ರ ಎದೆ ಹಗುರಾಗುತ್ತಿತ್ತು. ಪತ್ರೆ ಇಲ್ಲ, ಹೂವಿಲ್ಲ. ಅಂಗಳದ ಬೇವಿನ ಎಲೆಯನ್ನೇ ಏರಿಸುತ್ತಿದ್ದೆ.

ಒಂದು ಬೆಳಿಗ್ಗೆ ಕಣ್ಣು ತೆರೆದಾಗ ಮುಂದೆ ಒಬ್ಬ ಮುದುಕ ಕುಕ್ಕರಗಾಲಲ್ಲಿ ಕೂತಿದ್ದ. ಒಣಗಿದ ಉದ್ದನೆಯ ದೇಹ, ಬಾಯಲ್ಲಿ ಹಲ್ಲಿಲ್ಲ. ಅಂಗೈ ಚಾಚಿದ. ಅದರಲ್ಲಿ ನಾಲ್ಕಾರು ತುಂಬೆ ಹೂವು. ಬಚ್ಚಲ ನೀರು ಹರಿಯುವ ಕಡೆ ಗೋಡೆಗೆ ಹತ್ತಿ ಬೆಳೆದಿದ್ದವಂತೆ.

“ಬರೇ ಸೊಪ್ಪು ಏರಸಾಕತ್ತಿದ್ರಿ ಸಾವ್ಕಾರ್ರಿ. ನೋಡಿ ಜೀವ ತಡೀಲಿಲ್ಲ,” ಎಂದ.

ಆ ದಿನದಿಂದ ನಾವಿಬ್ಬರೂ ಜೊತೆಯಾದೆವು. ನಾನು ಅವನನ್ನು ಅಜ್ಜನಂತೆ ಬಗೆದು ಮುತ್ಯಾ ಎಂದು ಕರೆದೆ. ಅವನು ಕೆಲ ದಿನ ಸಾವ್ಕಾರ್ರಿ ಎಂದು, ಆಮೇಲೆ ತಮ್ಮಾ ಎಂದ.

ಮುದಗಲ್ ಹತ್ತಿರದ ಹಳ್ಳಿಯವನು. ಕುರಿ ಕಾಯುವುದರಲ್ಲೇ ಬದುಕು ಕಳೆದವನು. ಹೆಂಡತಿ ಬೇಗ ಹೋಗಿದ್ದಳು. ಇದ್ದೊಬ್ಬ ಮಗಳನ್ನು ಮಸ್ಕಿಯಿಂದ ಆಚೆಯ ಊರಿಗೆ ಕೊಟ್ಟಿದ್ದ. ತಾನು ಒಳಗೆ ಬಂದದ್ದು ಹೇಗೆ ಎಂಬುದನ್ನು ಅವನು ಒಂದೇ ಸಲ ಹೇಳಿದ, ತೊಟ್ಟಿಯ ಹತ್ತಿರ ಅರಿವೆ ಒಗೆಯುವಾಗ. ಮೊಮ್ಮಗನಿಗೆಂದು ಒಂದು ಕುರಿಮರಿ ಹೆಗಲ ಮೇಲೆ ಹಾಕಿಕೊಂಡು ಮಗಳ ಮನೆಗೆ ಹೋಗಿದ್ದನಂತೆ. ಅಳಿಯ ಕುಡಿದು ಅವಳ ಜುಟ್ಟು ಹಿಡಿದು ಅಂಗಳಕ್ಕೆ ಎಳೆದು ತರುತ್ತಿದ್ದ. ಮುತ್ಯಾ ಮರಿಯನ್ನು ಕೆಳಗಿಳಿಸಿ, ಕೈಯಲ್ಲಿದ್ದ ಕೋಲಿನಿಂದ ಒಂದೇ ಏಟು ಹಾಕಿದ. ಅಳಿಯ ಹಿಂದಕ್ಕೆ ಬಿದ್ದ, ತಲೆ ಒರಳುಕಲ್ಲಿಗೆ ತಾಗಿತು. ಪೊಲೀಸರು ಬರುವವರೆಗೂ ಮುತ್ಯಾ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ನೀರು ಬಿಡುತ್ತಿದ್ದನಂತೆ. ನೀರು ಒಳಗೆ ಇಳಿಯಲಿಲ್ಲ.

“ಕೊಲ್ಲಾಕ ಹೊಡೀಲಿಲ್ಲ ತಮ್ಮಾ. ಬಿಡ್ಲಿ ಅಂತ ಹೊಡದೆ,” ಎಂದು ಹೇಳಿ ಒಗೆದ ಅಂಗಿಯನ್ನೇ ಮತ್ತೆ ಒಗೆಯತೊಡಗಿದ.

ವಾರದಲ್ಲಿ ಮುಲಾಕಾತಿನ ದಿನ ಬಂದರೆ ಬ್ಯಾರಕ್ಕಿನ ಚಹರೆಯೇ ಬದಲಾಗುತ್ತಿತ್ತು. ಮನೆಯವರು ಬರುತ್ತಾರೆಂದು ಎಲ್ಲರೂ ತಲೆ ಬಾಚುವರು. ಹಿಂದಿನ ದಿನ ಕ್ಷೌರದವನು ಬಂದಾಗ ಸಾಲಿನಲ್ಲಿ ಮೊದಲು ಕೂಡುವವನು ಮುತ್ಯಾ. ಅವನ ತಲೆ ನಡುಗುತ್ತಿದ್ದರಿಂದ ಬ್ಲೇಡು ತಾಗಬಾರದೆಂದು ನಾನು ಹಿಂದೆ ಕೂತು ಎರಡೂ ಕೈಯಲ್ಲಿ ಗದ್ದ ಹಿಡಿದುಕೊಳ್ಳುತ್ತಿದ್ದೆ. ಮರುದಿನ ಅವನು ಒಗೆದ ರುಮಾಲು ಸುತ್ತಿಕೊಂಡು ಬಾಗಿಲ ಹತ್ತಿರದ ಕಟ್ಟೆಯ ಮೇಲೆ ಕೂಡುತ್ತಿದ್ದ. ವಾರ್ಡರು ಒಬ್ಬೊಬ್ಬರನ್ನೇ ಕೂಗುವರು. ನನ್ನನ್ನು ಕೂಗುವರು, ಸಿಂಧನೂರಿನ ಲಾರಿ ಡ್ರೈವರನನ್ನು ಕೂಗುವರು. ಮುತ್ಯಾನನ್ನು ಯಾರೂ ಕೂಗಲಿಲ್ಲ. ವೇಳೆ ಮುಗಿದ ಮೇಲೆ ಅವನು ರುಮಾಲು ಬಿಚ್ಚಿ, ನೀಟಾಗಿ ಮಡಚಿ, ತಲೆದಿಂಬಿನಂತಿದ್ದ ಗಂಟಿನಲ್ಲಿ ಇಡುತ್ತಿದ್ದ.

ಒಮ್ಮೆ ತಡೆಯಲಾರದೆ, ಮಗಳು ಯಾಕೆ ಬರುವುದಿಲ್ಲ ಎಂದು ಕೇಳಿದೆ.

“ಆಕಿ ಬರಂಗಿಲ್ಲ. ಅತ್ತೀ ಮನ್ಯಾಗ ಇದ್ದಾಳ. ಇಲ್ಲಿಗೆ ಬಂದ್ರ ಕೂಸು ಕಸ್ಕೊಂಡು ಆಕೀನ ಹೊರಗ ಹಾಕ್ತಾರ. ಅವರ ಮಗ ಸತ್ತಾನ, ಅವರ ಸಿಟ್ಟು ಅವರಿಗೆ.”

“ಮತ್ತ ಯಾಕ ಗಡ್ಡ ತೆಗಸ್ಕೊಂತಿ ಮುತ್ಯಾ?”

ಅವನು ಗದ್ದ ಸವರಿಕೊಂಡ. “ಒಂದ್ಯಾಳೆ ಬಂದ್ಲು ಅನ್ಕೊ. ನನ್ನ ಮಾರಿ ನೋಡಿ ಆಕಿ ಅಳಬಾರದಲ್ಲ.”

ಅದರ ನಂತರ ನನ್ನ ಹೆಂಡತಿ ಬಂದಾಗಲೆಲ್ಲ ಮುಲಾಕಾತಿನ ತಂತಿ ಜಾಳಿಗೆಯ ಮುಂದೆ ನಿಂತು ಮಾತಾಡಲು ನನಗೆ ಸಂಕೋಚವಾಗತೊಡಗಿತು. ಹಿಂದೆ ಕಟ್ಟೆಯ ಮೇಲೆ ಅವನು ಕೂತಿರುತ್ತಿದ್ದ.

ಮೊಹರಮ್ ಹತ್ತಿರ ಬಂದಾಗ ಮುತ್ಯಾ ಮಂಕಾದ. ಅವನು ಪ್ರತಿ ವರ್ಷ ಮುದಗಲ್ಲಿನ ಅಲಾಯಿ ದೇವರಿಗೆ ಫಕೀರನಾಗುವವನು. ಕೊರಳಿಗೆ ಕೆಂಪು ದಾರದ ಲಾಡಿ ಕಟ್ಟಿಕೊಂಡು, ಐದು ಮನೆ ಬೇಡಿ, ಸಕ್ಕರೆಯ ಮುಂದೆ ಫಾತೆಹಾ ಓದಿಸಿಕೊಂಡು ಬರುವ ಹರಕೆ. ಮಗಳು ಹುಟ್ಟಿದಾಗ ಹೊತ್ತದ್ದು. ಒಂದು ವರ್ಷವೂ ತಪ್ಪಿರಲಿಲ್ಲ. ಈ ಸಲ ತಪ್ಪಿದರೆ ಮಗಳಿಗೆ ಏನಾದರೂ ಆದೀತು ಎಂಬ ಅಂಜಿಕೆ ಹತ್ತಿಕೊಂಡು ಅನ್ನ ಬಿಟ್ಟ.

ನಾನು ಲಾರಿ ಡ್ರೈವರನಿಗೆ ಹೇಳಿದೆ. ಅವನು ನಮಾಜು ತಪ್ಪಿಸದ ಮನುಷ್ಯ. ಅಪಘಾತದ ಕೇಸಿನಲ್ಲಿ ಬಂದಿದ್ದ. ಓದಲಿಕ್ಕೆ ತಾನಿದ್ದೇನೆ, ಸಕ್ಕರೆ ನೋಡಿರಿ ಎಂದ. ಜೈಲಿನ ಕ್ಯಾಂಟೀನಿನಲ್ಲಿ ಸಕ್ಕರೆ ಸಿಕ್ಕಿತು. ಲಾಡಿಗೆ ಕೆಂಪು ದಾರ ಇರಲಿಲ್ಲ. ನನ್ನ ಟವೆಲಿನ ಅಂಚು ಕೆಂಪಗಿತ್ತು, ಅದರ ಎಳೆ ಬಿಚ್ಚಿ ಹೊಸೆದೆ. ಉದ್ದನೆಯ ದಾರ ಒಳಗೆ ಇಟ್ಟುಕೊಳ್ಳುವಂತಿಲ್ಲವಾದ್ದರಿಂದ ಜಮಾದಾರರನ್ನು ಕೇಳಿಕೊಂಡೆವು. ಅವರು ಬಂದು ನೋಡಿ, ಕೊರಳಿಗೆ ಬೇಡ, ಮುಂಗೈಗೆ ಕಟ್ಟಿರಿ ಎಂದು ಹೇಳಿ ಹೋದರು.

ಬೇವಿನ ಗಿಡದ ಕೆಳಗೆ ಡ್ರೈವರ ತಲೆಗೆ ಕರವಸ್ತ್ರ ಕಟ್ಟಿಕೊಂಡು ಸಕ್ಕರೆಯ ಮುಂದೆ ಓದಿದ. ನಾನು ಮುತ್ಯಾನ ಮುಂಗೈಗೆ ದಾರ ಕಟ್ಟಿದೆ. ಆಮೇಲೆ ಅವನು ತಟ್ಟೆ ಹಿಡಿದು ಬ್ಯಾರಕ್ಕಿನಲ್ಲಿ ಐವರ ಮುಂದೆ ನಿಂತು ಬೇಡಿದ. ಕೊಡಲು ಅವರ ಬಳಿ ಏನಿತ್ತು? ಒಬ್ಬ ಬಿಸ್ಕೀಟು ಹಾಕಿದ, ಒಬ್ಬ ಚಪಾತಿ ತುಂಡು ಹಾಕಿದ. ಎಲ್ಲರೊಂದಿಗೂ ಜಗಳ ತೆಗೆಯುತ್ತಿದ್ದ ಒಬ್ಬ ಕಳ್ಳತನದವನು ಏನೂ ಇಲ್ಲವೆಂದು ಮುತ್ಯಾನ ಕಾಲು ಮುಟ್ಟಿದ. ಸಕ್ಕರೆಯನ್ನು ಎಲ್ಲರ ಅಂಗೈಗೂ ಹಾಕುತ್ತ ಬಂದ ಮುತ್ಯಾ ನನ್ನ ಮುಂದೆ ನಿಂತಾಗ, “ಕೂಸು ಪಾರಾತು ತಮ್ಮಾ,” ಎಂದ. ಅವನ ಬಾಯಲ್ಲಿ ಮಗಳು ಇನ್ನೂ ಕೂಸೇ ಆಗಿದ್ದಳು.

ಮಳೆಗಾಲ ಕಳೆಯುವಷ್ಟರಲ್ಲಿ ಅವನ ಕಾಲು ಬಾತವು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದರು. ಹೃದಯ ಸೋತಿದೆ, ಉಪ್ಪು ಕಡಿಮೆ ಮಾಡಬೇಕು ಎಂದು ಗುಳಿಗೆ ಕೊಟ್ಟು ಕಳಿಸಿದ್ದರು. ಅವನಿಗೆ ಚಪಾತಿ ಅಗಿಯಲಾಗುತ್ತಿರಲಿಲ್ಲ. ನಾನು ಅದನ್ನು ಬಿಸಿ ನೀರಿನಲ್ಲಿ ನೆನೆಸಿ, ಹಾಲು ಸಿಕ್ಕ ದಿನ ಹಾಲಿನಲ್ಲಿ ಕಲಸಿ ತಿನ್ನಿಸುತ್ತಿದ್ದೆ. ಬೆಳಿಗ್ಗೆ ಡ್ರೈವರ ಅವನನ್ನು ಎತ್ತಿ ಬಚ್ಚಲಿಗೆ ಒಯ್ಯುವನು, ನಾನು ನೀರು ಹಾಕುವೆ. ನಮ್ಮ ಮನೆಯ ಹಿರಿಯರಿಗೂ ನಾನು ಅಂಥ ಸೇವೆ ಮಾಡಿರಲಿಲ್ಲ, ಮಾಡಲು ಹೆಣ್ಣುಮಕ್ಕಳಿದ್ದರು. ಇಲ್ಲಿ ಅವನ ಬೆನ್ನು ತಿಕ್ಕುವಾಗ ಲಿಂಗದ ಮೇಲೆ ನೀರೆರೆದಾಗಿನ ಶಾಂತಿಯೇ ಬರುತ್ತಿತ್ತು. ಪೂಜೆ ಒಮ್ಮೊಮ್ಮೆ ತಡವಾಗುತ್ತಿತ್ತು. ತಡವಾಯಿತೆಂದು ಅನ್ನಿಸುತ್ತಿರಲಿಲ್ಲ.

ಕೋರ್ಟಿನ ಹಾಜರಿ ಟಿವಿಯಂಥ ಪರದೆಯ ಮುಂದೆಯೇ ನಡೆಯುತ್ತಿತ್ತು. ಮುತ್ಯಾ ಅದರ ಮುಂದೆ ನಿಂತು ಕೈಮುಗಿದು, ನಡೆದದ್ದು ಖರೆ ಎಂದು ಪ್ರತಿ ಸಲ ಹೇಳುತ್ತಿದ್ದ. ಅವನ ವಕೀಲರು ಜಾಮೀನಿಗೆ ಅರ್ಜಿ ಹಾಕಿದರು. ಜಾಮೀನಿಗೆ ನಿಲ್ಲಲು ಅಣ್ಣನ ಮಕ್ಕಳು ಒಪ್ಪಲಿಲ್ಲ.

ಅಷ್ಟರಲ್ಲಿ ನನ್ನ ಜಾಮೀನು ಆಯಿತು. ಸುದ್ದಿ ತಂದ ವಾರ್ಡರು ಖುಷಿಯಿಂದ ನನ್ನ ಬೆನ್ನು ತಟ್ಟಿದರು. ನಾನು ಮುತ್ಯಾನ ಕಡೆ ನೋಡಲಾರದೆ ಕಂಬಳಿ ಝಾಡಿಸುತ್ತ ನಿಂತೆ. ಹೋಗುವ ಮೊದಲು ಡ್ರೈವರನಿಗೆ ಗುಳಿಗೆಗಳ ಹೊತ್ತು ಹೇಳಿಕೊಟ್ಟೆ, ಚಪಾತಿ ಎಷ್ಟು ನೆನೆಸಬೇಕೆಂದು ತೋರಿಸಿದೆ. ಮುತ್ಯಾ ಗೋಡೆಗೆ ಒರಗಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ.

“ಹೋಗು ತಮ್ಮಾ. ನಿನ್ನ ಹೆಣ್ತಿ ಹೊರಗ ನಿಂತಾಳ. ಕಾಯಸಬ್ಯಾಡ,” ಎಂದ.

ನಾನು ಅವನ ಪಾದ ಹಿಡಿದೆ. ಊದಿಕೊಂಡ ಪಾದದಲ್ಲಿ ನನ್ನ ಬೆರಳಿನ ಗುರುತು ಹಾಗೇ ನಿಂತಿತು.

ಮನೆಗೆ ಬಂದರೂ ಮನಸ್ಸು ಬರಲಿಲ್ಲ. ಕೇಸಿನಲ್ಲಿರುವ ನಾನು ಅವನ ಜಾಮೀನಿಗೆ ನಿಂತರೆ ಕೋರ್ಟು ಒಪ್ಪದು ಎಂದು ವಕೀಲರು ಹೇಳಿದ್ದರು. ಮೆತ್ತನೆಯ ಅನ್ನ ಕಂಡರೆ ಅವನು ನೆನಪಾಗುತ್ತಿದ್ದ. ಎರಡು ವಾರ ಬಿಟ್ಟು ಮುಲಾಕಾತಿನ ದಿನ ನೋಡಿ ಹೋದೆ. ನಾನು ಯಾವ ಜಾಳಿಗೆಯ ಆ ಕಡೆ ನಿಲ್ಲುತ್ತಿದ್ದೆನೋ, ಈಗ ಅದರ ಈ ಕಡೆ ನಿಂತೆ. ಒಳಗೆ ವಾರ್ಡರು ಕೂಗಿದ್ದು ಕೇಳಿಸಿತು: ಅಜ್ಜಾ, ನಿನ್ನ ನೋಡಲಿಕ್ಕೆ ಬಂದಾರ.

ಬರಲು ಬಹಳ ಹೊತ್ತಾಯಿತು. ಡ್ರೈವರ ಹೆಗಲು ಕೊಟ್ಟು ನಡೆಸಿಕೊಂಡು ಬರುತ್ತಿದ್ದ. ಮುತ್ಯಾ ರುಮಾಲು ಸುತ್ತಿಕೊಂಡಿದ್ದ. ಅವಸರದಲ್ಲಿ ಅದು ಓರೆಯಾಗಿತ್ತು. ಗದ್ದ ನುಣ್ಣಗಿತ್ತು. ಬರುವಾಗಲೇ ನಗುತ್ತಿದ್ದ. ಜಾಳಿಗೆಗೆ ಮುಖ ತಂದು ನನ್ನನ್ನು ನೋಡಿದ. ನೋಡಿ, ನನ್ನ ಭುಜದ ಆಚೆ, ನನ್ನ ಹಿಂದೆ ಹುಡುಕಿದ. ಅಲ್ಲಿ ಬೇರೆ ಯಾರದೋ ಹೆಂಡತಿ, ಯಾರದೋ ತಾಯಿ ನಿಂತಿದ್ದರು. ಅವನ ಕಣ್ಣು ಅವರೆಲ್ಲರ ಮೇಲೆ ಹಾದು, ತಿರುಗಿ ನನ್ನ ಬಳಿ ಬಂತು.

“ನೀ ಬಂದ್ಯಾ ತಮ್ಮಾ,” ಎಂದ. ನಗು ಬಿಡಲಿಲ್ಲ. ನನಗೆ ಬೇಜಾರಾಗಬಾರದೆಂದು ಆ ನಗುವನ್ನು ಅವನು ಹಿಡಿದುಕೊಂಡು ನಿಂತಿದ್ದ. ನಾನು ತಂದ ಬಾಳೆಹಣ್ಣುಗಳನ್ನು ವಾರ್ಡರು ಒಳಗೆ ಕೊಟ್ಟರು. ಮಕ್ಕಳ ಬಗ್ಗೆ, ಅಂಗಡಿಯ ಬಗ್ಗೆ ಕೇಳಿದ. ನಾನು ಏನು ಹೇಳಿದೆನೋ ನೆನಪಿಲ್ಲ.

ಮುಂದಿನ ಸಲ ಹೋಗುವುದರೊಳಗೆ ಅವನು ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ದೇಹವನ್ನು ಅಣ್ಣನ ಮಕ್ಕಳು ಒಯ್ದು ಊರಲ್ಲಿ ಮಣ್ಣು ಮಾಡಿದ್ದರು. ನನಗೆ ತಿಳಿದದ್ದು ಡ್ರೈವರ ಬಿಡುಗಡೆಯಾಗಿ ಅಂಗಡಿಗೆ ಬಂದಾಗ. ಅವನು ಗಲ್ಲಾದ ಮುಂದೆ ನಿಂತು ಹೇಳಿದ, ನಾನು ಅರಿವೆಯ ಥಾನಿನ ಮೇಲೆ ಕೈಯಿಟ್ಟು ಕೇಳಿದೆ. ಗಿರಾಕಿಗಳಿದ್ದರು. ಇಬ್ಬರೂ ಅಳಲಿಲ್ಲ. ಅವನು ಮಸ್ಕಿಯ ಕಡೆ ಹೋಗುವವನಿದ್ದ, ಮಗಳಿಗೂ ಹೇಳಿ ಹೋಗುತ್ತೇನೆ ಎಂದ.

ಕೆಲವು ವಾರಗಳ ಮೇಲೆ, ಡ್ರೈವರ ಹೇಳಿದ ಗುರುತು ಹಿಡಿದು ಅವಳೇ ಬಂದಳು. ಸಂತೆಗೆಂದು ಹೇಳಿ ಬಂದಿದ್ದಳಂತೆ. ಮುತ್ಯಾನ ಹಾಗೆಯೇ ಉದ್ದನೆಯ ಮೈ, ಕಂಕುಳಲ್ಲಿ ಗಂಡುಕೂಸು. ನನ್ನ ಹೆಂಡತಿ ಅವಳನ್ನು ಒಳಗೆ ಕರೆದು ಚಾಪೆ ಹಾಸಿದಳು. ಅವಳು ಅಪ್ಪ ಎಲ್ಲಿ ಮಲಗುತ್ತಿದ್ದ, ಅರಿವೆ ಯಾರು ಒಗೆಯುತ್ತಿದ್ದರು, ಹೊದೆಯಲು ಏನಿತ್ತು ಎಂದು ಒಂದೊಂದೇ ಕೇಳಿದಳು. ನಾನು ಗೊತ್ತಿದ್ದುದನ್ನೆಲ್ಲ ಹೇಳಿದೆ. ಜಾಳಿಗೆಯ ಮುಂದೆ ನಡೆದದ್ದನ್ನು ಮಾತ್ರ ಹೇಳಲಿಲ್ಲ.

ಕೊನೆಗೆ ಅವಳು ನೆಲ ನೋಡುತ್ತ, “ನನ್ನ ಮ್ಯಾಲ ಸಿಟ್ಟಾಗಿದ್ನೇನ್ರಿ ನಮ್ಮಪ್ಪ?” ಎಂದಳು.

“ಇಲ್ಲವ್ವಾ. ನೀ ಬರಲಿಲ್ಲ ಅಂತ ಒಂದು ಮಾತೂ ಆಡಿಲ್ಲ. ಕೂಸಿನ್ನ ಬಿಟ್ಟು ಹೆಂಗ ಬರ್ತಾಳ ಅಂತಿದ್ದ.”

ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು. ಅಪ್ಪ ಸತ್ತ ಸುದ್ದಿ ಅತ್ತೆಮನೆಯವರಿಗೆ ಮೊದಲೇ ಗೊತ್ತಿತ್ತಂತೆ. ಎರಡನೇ ಬೆಳೆಯ ನಾಟಿ ಮುಗಿಯಲಿ ಎಂದು ಹೇಳದೆ ಇಟ್ಟಿದ್ದರು. ಅವನನ್ನು ಮಣ್ಣು ಮಾಡುವ ಹೊತ್ತಿಗೆ ಅವಳು ಮೊಣಕಾಲುದ್ದ ಕೆಸರಿನಲ್ಲಿ ಸಸಿ ಹಚ್ಚುತ್ತಿದ್ದಳು.

ನನ್ನ ಹೆಂಡತಿ ಊಟಕ್ಕೆ ಏಳು ಎಂದಳು. ಇಲ್ಲೇ ನಾಲ್ಕು ದಿನ ಇರು ಎಂದೂ ಹೇಳಿದಳು. ಬಸ್ಸು ತಪ್ಪಿದರೆ ಮನೆಯಲ್ಲಿ ಕೇಳುತ್ತಾರೆ ಎಂದು ಅವಳು ಕೂಸನ್ನು ಎತ್ತಿಕೊಂಡಳು. ಬಸ್ ಸ್ಟ್ಯಾಂಡಿನವರೆಗೂ ನಾವಿಬ್ಬರೂ ಹೋದೆವು. ಮಸ್ಕಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಕೂಸಿನ ತಲೆಗೆ ಸೆರಗು ಹೊದಿಸಿ, ಅವಳು ಅದೇ ಮನೆಗೆ ಹೊರಟು ಹೋದಳು.