ಆ ಒಂದು ನಿಮಿಷದಲ್ಲಿ ಚಿಕ್ಕಮ್ಮ ಕೇಳಿದ್ದು

ವಿದೇಶಾಂಗ ಮಂತ್ರಿ ವಿಮಾನ ಹತ್ತಬೇಕಾ, ಬೇಡವಾ? ಕಳೆದ ಭಾನುವಾರ ಇದು ಬಂದರಿನ ನನ್ನ ಚಿಕ್ಕಮ್ಮನ ಮನೆಯಲ್ಲಿ ತೀರ್ಮಾನ ಆಗಬೇಕಿತ್ತು. ಮಂತ್ರಿ ಖುದ್ದು ಹೋಗದಿದ್ದರೆ ನಮ್ಮ ರಿತೇಶ ವಾಪಸ್ ಬರುವುದಿಲ್ಲ ಅಂತ ನನ್ನ ತಮ್ಮ. ಹೋದರೆ ಕೆಲಸ ಕೆಡುತ್ತದೆ ಅಂತ ನನ್ನ ಗಂಡ.

ರಿತೇಶ ಚಿಕ್ಕಮ್ಮನ ಒಬ್ಬನೇ ಮಗ. ಸರಕು ಹಡಗಿನಲ್ಲಿ ಕುಕ್. ಎಲ್ಲೋ ದೂರದಲ್ಲಿ ಯಾರ ಯಾರಿಗೋ ಯುದ್ಧ. ಆ ದಾರಿಯಲ್ಲಿ ಹೋಗುತ್ತಿದ್ದ ಇವರ ಹಡಗನ್ನು ಬಂದೂಕಿನವರು ತಡೆದಿಟ್ಟುಕೊಂಡಿದ್ದಾರೆ. ಟಿವಿಯವರ ಬಾಯಲ್ಲಿ ಅವನೀಗ ‘ಒತ್ತೆಯಾಳು’. (ಆ ಶಬ್ದ ಬಂದಾಗೆಲ್ಲ ಚಿಕ್ಕಮ್ಮ ಮ್ಯೂಟ್ ಮಾಡುತ್ತಾರೆ.)

“ಒಂದು ಫೋನ್ ಮಾಡಿ ಗದರಿಸ್ಲಿಕ್ಕೆ ಇವರಿಗೆ ಎಂತ ಕಷ್ಟ ಬಾವ?” ಅಂದ ತಮ್ಮ.

“ಡಿಪ್ಲೊಮಸಿ ಅಂದ್ರೆ ಮೈಕ್ ಹಿಡಿದು ಮಾಡುದಲ್ಲ ಮಾರಾಯ. ಒಳಗಿಂದೊಳಗೆ ಮಾತುಕತೆ ಉಂಟು.”

“ನಿಮಗೆ ಹೇಗೆ ಗೊತ್ತು? ಪಾರ್ಟಿ ಗ್ರೂಪಲ್ಲಿ ಬಂತಾ?”

(ಆಡಿದ್ದೆಲ್ಲ ತುಳುವಿನಲ್ಲಿ. ನಿಮಗಾಗಿ ಕನ್ನಡ ಮಾಡಿದ್ದೇನೆ, ಬೈಗುಳ ಬಿಟ್ಟು.)

ಅಷ್ಟರಲ್ಲಿ ಹಡಗು ಕಂಪನಿಯ ಏಜೆಂಟ್ ಫೋನ್ ಮಾಡಿದ. ಸಂಜೆ ರಿತೇಶನಿಗೆ ಮಾತಾಡಲು ಬಿಡುತ್ತಾರಂತೆ, ಒಂದೇ ನಿಮಿಷ. ಬಾವ, ಬಾಮೈದ ಇಬ್ಬರೂ ಮೊದಲ ಸಲ ಒಂದಾದರು. ರಾಯಭಾರ ಕಚೇರಿಯವರು ಬಂದರಾ? ಮಾತುಕತೆ ಯಾರು ನಡೆಸುತ್ತಿದ್ದಾರೆ? ಎರಡೂ ಪ್ರಶ್ನೆ ಚಿಕ್ಕಮ್ಮನಿಗೆ ಬಾಯಿಪಾಠ ಮಾಡಿಸಿದರು. ಅವರೂ ತಲೆಯಾಡಿಸಿದರು.

ಫೋನ್ ಬಂತು. ಸ್ಪೀಕರ್ ಹಾಕಿದೆವು. “ಅಮ್ಮಾ” ಅಂದ ರಿತೇಶ.

ಚಿಕ್ಕಮ್ಮ ಕೇಳಿದರು: “ಒಣಸ್ ಆಂಡಾ?”

ಊಟ ಆಯ್ತಾ ಅಂತ! ತುಳುವರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೂ ಇದನ್ನೇ ಕೇಳುತ್ತಾರೆ, ಆಸ್ಪತ್ರೆಯ ಬೆಡ್ ಪಕ್ಕ ನಿಂತರೂ ಇದನ್ನೇ. ನನ್ನ ತಮ್ಮ ಹಣೆ ಚಚ್ಚಿಕೊಂಡ. ನನ್ನ ಗಂಡ ಕೈಸನ್ನೆ ಮಾಡಿ ಮಾಡಿ ಸೋತರು.

“ಆಯ್ತಮ್ಮ. ಎಲ್ಲರಿಗೂ ನಾನೇ ಮಾಡಿ ಬಡಿಸುದು.”

“ಆ ಕೋವಿ ಹಿಡಿದವರಿಗೂ?”

“ಅವರಿಗೂ. ಅವರಿಗೂ ಹಸಿವು ಉಂಟಲ್ಲ.”

“ಅಕ್ಲೆನ ಒಣಸ್ ಆಂಡಾ?” ಅವರದ್ದು ಊಟ ಆಯ್ತಾ?

ಆ ಕಡೆ ಗುಸುಗುಸು. ಆಮೇಲೆ ಬೇರೆ ಯಾರದೋ ಗಡಸು ದನಿ, ನಾಲಿಗೆ ಹೊರಳದೆ ಒದ್ದಾಡುತ್ತಾ: “ಆಂಡ್. ಅಮ್ಮಾ, ಆಂಡ್.” ಆಯ್ತು ಅಮ್ಮಾ, ಆಯ್ತು.

ಲೈನ್ ಕಟ್ಟಾಯಿತು.

ರಿತೇಶ ದಿನಾ ಬಡಿಸುವಾಗ ಅವರನ್ನೂ ಹೀಗೇ ಕೇಳುತ್ತಿದ್ದಿರಬೇಕು, ಉತ್ತರವನ್ನೂ ಅವನೇ ಕಲಿಸಿರಬೇಕು. ಕಡಲಾಚೆ ಬಂದೂಕು ಹೊತ್ತು ನಿಂತ ಒಬ್ಬ ಮನುಷ್ಯ, ಹೆಸರು ಗೊತ್ತಿಲ್ಲ, ದೇಶ ಗೊತ್ತಿಲ್ಲ, ಬಂದರಿನ ಒಬ್ಬ ತಾಯಿಗೆ ತುಳುವಿನಲ್ಲಿ ಉತ್ತರ ಕೊಟ್ಟಿದ್ದ! ಇಂಥದ್ದೊಂದು ಈ ಲೋಕದಲ್ಲಿ ಆಗಬಹುದು ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಚಿಕ್ಕಮ್ಮ ಫೋನನ್ನು ಸೆರಗಿನಿಂದ ಒರೆಸಿ ಕೆಳಗಿಟ್ಟರು. “ನೀವು ಹೇಳಿಕೊಟ್ಟದ್ದು ಮರ್ತೇ ಹೋಯ್ತು ಮಕ್ಕಳೇ” ಅಂದರು. “ಊಟ ಹಾಕಿದವನಿಗೆ ಅವರು ಎಂತದೂ ಮಾಡ್ಲಿಕ್ಕಿಲ್ಲ, ಅಲ್ವಾ?” ಅಂತ ಕೇಳಿದರು.

ಮಧ್ಯಾಹ್ನದಿಂದ ಲೋಕದ ಎಲ್ಲ ಪ್ರಶ್ನೆಗೂ ಉತ್ತರ ಇಟ್ಟುಕೊಂಡಿದ್ದ ಇಬ್ಬರೂ ಎದ್ದು ಚಿಕ್ಕಮ್ಮನಿಗೆ ತಟ್ಟೆ ಇಟ್ಟು ಊಟ ಬಡಿಸಿದರು.

ರಿತೇಶ ಇನ್ನೂ ಬಂದಿಲ್ಲ. ಮಂತ್ರಿ ವಿಮಾನ ಹತ್ತಲಿ, ಬಿಡಲಿ. ಗದರಿಸಲಿ, ಪಿಸುಗುಟ್ಟಲಿ. ದೆಹಲಿಯ ದೊಡ್ಡವರೇ, ನಮ್ಮ ಹುಡುಗ ಸೌಟು ಹಿಡಿದೇ ಅರ್ಧ ಸಂಧಾನ ಮುಗಿಸಿದ್ದಾನೆ. ಉಳಿದರ್ಧ ನಿಮ್ಮ ಕೈಲಾಗುತ್ತದಾ?