ಸುಲಭಕ್ಕೆ ಸೋಲಬೇಡಿ

ನನ್ನ ಅತ್ತಿಗೆ ಟೈಲರ್. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಅದಕ್ಕೇ ಏಕವಚನ. ನಾನು, ನನ್ನ ಅಣ್ಣ ಬಿಟ್ಟರೆ ಬೇರೆ ಯಾರೂ ಅವಳನ್ನು ಹಾಗೆ ಕರೆಯುವ ಧೈರ್ಯ ಮಾಡಿದ್ದನ್ನು ನಾನು ಕಂಡಿಲ್ಲ. ಹಗಲೆಲ್ಲ ಕಾಜಾ, ಗುಂಡಿ, ಜಿಪ್ಪು. ಸಂಜೆಯಾದರೆ ಸೈಕಲ್ ಅಂಗಡಿಯ ಮೇಲಿನ ಹಾಲಿಗೆ ಹೋಗಿ ಹುಡುಗ ಹುಡುಗಿಯರಿಗೆ ಬೀದಿ ನಾಟಕ ಕಲಿಸುತ್ತಾಳೆ. ಮೊದಮೊದಲು ಅವರ ಬಟ್ಟೆ ಹೊಲಿದುಕೊಡಲು ಹೋದವಳು. ಮೂಲೆಯಲ್ಲಿ ಕೂತು, "ಹಾಗಲ್ಲ ಕಣ್ರೋ, ಕುಡಿದೋನು ಹಾಗೆ ಬೀಳಲ್ಲ" ಎಂದು ಮೂಗು ತೂರಿಸುತ್ತ ತೂರಿಸುತ್ತ ಕೊನೆಗೆ ಅವಳೇ ಮೇಷ್ಟರಾಗಿಬಿಟ್ಟಳು.

ಅವರ ನಾಟಕದ ರೀತಿಯೇ ಬೇರೆ. ಕಥೆಯನ್ನು ಒಂದು ಸಲ ಅದರ ಕೆಟ್ಟ ಕೊನೆಯವರೆಗೂ ಆಡುತ್ತಾರೆ. ಆಮೇಲೆ ಮತ್ತೆ ಮೊದಲಿನಿಂದ ಶುರು. ಈ ಸಲ ನೋಡುತ್ತ ನಿಂತವರಲ್ಲಿ ಯಾರು ಬೇಕಾದರೂ "ನಿಲ್ಲಿಸಿ" ಅನ್ನಬಹುದು. ಒಳಗೆ ಬಂದು ಒಬ್ಬರ ಜಾಗದಲ್ಲಿ ನಿಂತು ಕಥೆಯನ್ನು ಬೇರೆ ದಾರಿಗೆ ಎಳೆಯಬಹುದು. ಎದುರಿಗಿರುವ ನಟರಿಗೆ ಅತ್ತಿಗೆಯದು ಒಂದೇ ಕಟ್ಟಪ್ಪಣೆ.

"ಸುಲಭಕ್ಕೆ ಸೋಲಬೇಡಿ. ಇಲ್ಲಿ ನೀವು ಸೋತುಬಿಟ್ರೆ ಅವರು ಚಪ್ಪಾಳೆ ತಟ್ಟಿ, ಮನೆಗೆ ಹೋಗಿ ಹಾಯಾಗಿ ಮಲಗ್ತಾರೆ. ನಾಳೆ ನಿಜವಾದ ಮೇಸ್ತ್ರಿ ಎದುರಿಗೆ ನಿಂತಾಗ ಬಾಯಿ ಒಣಗುತ್ತೆ."

ಚೂಟಿ ಅವಳ ಮಗಳು, ಇದ್ದವಳು ಒಬ್ಬಳೇ. ಮಹಾ ವಾಚಾಳಿ. ನಾನು ಒಂದು ಅಂದರೆ ಅವಳು ಹತ್ತು ಅನ್ನುತ್ತಿದ್ದಳು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸಕ್ಕೆ ಸೇರಿದ್ದಳು. ಅಲ್ಲಿ ಕೆಲಸದ ಹೊತ್ತಿನಲ್ಲಿ ಹಿಂಬಾಗಿಲಿಗೆ ಹೊರಗಿನಿಂದ ಬೀಗ. ಯಾರೂ ಕದ್ದು ಬೇಗ ಹೋಗಬಾರದಂತೆ! ಬಟ್ಟೆಯ ರಾಶಿಗೆ ಬೆಂಕಿ ಬಿದ್ದ ದಿನವೂ ಆ ಬೀಗ ಹಾಗೇ ಇತ್ತು. ಇದಕ್ಕಿಂತ ಹೆಚ್ಚಿಗೆ ನನ್ನ ಬಾಯಲ್ಲಿ ಹೇಳಿಸಬೇಡಿ.

ಎಲ್ಲ ಮುಗಿಸಿ ಮನೆಗೆ ಬಂದ ಮೇಲೆ ನನ್ನ ಅಣ್ಣ ಹೆಂಡತಿಗೆ ಒಂದೇ ಒಂದು ಮಾತು ಹೇಳಿದ. "ನೀನೇ ಅವಳನ್ನ ಕಳಿಸಿದ್ದು." ಅಷ್ಟೇ. ಅಲ್ಲಿಂದಾಚೆಗೆ ಅವಳ ಜೊತೆ ಮಾತು ಬಂದ್. ಏನಿದ್ದರೂ ನನ್ನ ಮೂಲಕ. "ಗ್ಯಾಸ್ ಮುಗಿದಿದೆ ಅಂತ ಹೇಳು ಅವಳಿಗೆ" ಅನ್ನುತ್ತಾನೆ. ಅವಳು ಎರಡು ಮಾರು ದೂರದಲ್ಲಿ ನಿಂತು ಪಾತ್ರೆ ತೊಳೆಯುತ್ತಿರುತ್ತಾಳೆ. "ಕೇಳಿಸಿತು ಅಂತ ಹೇಳಿ" ಅನ್ನುತ್ತಾಳೆ. ಆಸ್ಪತ್ರೆಯ ಬಟ್ಟೆ ಒಗೆದು ಸುಸ್ತಾಗಿ ಬಂದವಳು ನಾನು, ನನಗೆ ಈ ಪೋಸ್ಟ್‌ಮ್ಯಾನ್ ಕೆಲಸ ಬೇರೆ! ಎಷ್ಟೋ ಸಲ ಇಬ್ಬರ ತಲೆಯನ್ನೂ ಹಿಡಿದು ಕುಟ್ಟಬೇಕು ಅನ್ನಿಸುತ್ತಿತ್ತು. ಅತ್ತಿಗೆ ಅಳಲಿಲ್ಲ. ಜಗಳವನ್ನೂ ಆಡಲಿಲ್ಲ. ಉಂಡಳು, ಹೊಲಿದಳು, ಮಲಗಿದಳು. ಮಾತಾಡಿಸಿದರೆ ಉತ್ತರ ಕೊಡುತ್ತಿದ್ದಳು, ಆದರೆ ಅವಳು ಅಲ್ಲಿ ಇರುತ್ತಿರಲಿಲ್ಲ.

ಒಂದು ದಿನ ನಾಟಕದ ಹಾಲಿಗೆ ಹೋಗಿ, "ಬೀಗದ ಬಗ್ಗೆ ಆಡೋಣ" ಅಂದಳಂತೆ. ಮಕ್ಕಳು ತಲೆ ತಗ್ಗಿಸಿದರಂತೆ. ಅವಳೇ ಎರಡು ದೃಶ್ಯ ಕಟ್ಟಿದಳು. ಮೊದಲನೆಯದು ಮನೆ, ಬೆಳಗಿನ ಹೊತ್ತು. ಎರಡನೆಯದು ಕಾರ್ಖಾನೆಯ ಬಾಗಿಲು. ಬೆಂಕಿ ಬಿದ್ದ ದಿನ ಬೆಳಿಗ್ಗೆ ನಾನು ಪಾಳಿಗೆ ಹೋಗಿದ್ದೆ. ಅಣ್ಣ ಪ್ರೆಸ್ಸಿನ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ. ಮನೆಯಲ್ಲಿ ಏನು ನಡೆಯಿತು ಎಂದು ನನಗೆ ಗೊತ್ತಾದದ್ದೇ ನಾಟಕದಿಂದ. ಚೂಟಿ, "ಇವತ್ತು ಹೋಗಲ್ಲಮ್ಮ, ಯಾಕೋ ಮನಸ್ಸೇ ಇಲ್ಲ" ಅಂದಿದ್ದಳು. ಅವಳ ಕೈಗೆ ಊಟದ ಡಬ್ಬಿ ತುರುಕಿ ಅತ್ತಿಗೆ ಅಂದದ್ದು ಇಷ್ಟು: "ಮನಸ್ಸಿಲ್ಲ ಅಂತೆ ಮಹಾರಾಣಿಗೆ! ಸುಮ್ಮಸುಮ್ಮನೆ ರಜ ಹಾಕಿದ್ರೆ ನಾಳೆ ನಿನ್ನ ಮೆಷಿನ್ ಮುಂದೆ ಇನ್ನೊಬ್ಬಳು ಕೂತಿರ್ತಾಳೆ. ನಡಿ, ನಡಿ."

ತಾಯಿಯ ಪಾತ್ರಕ್ಕೆ ಮೊದಲು ಒಬ್ಬ ಹುಡುಗಿಯನ್ನು ಹಾಕಿದ್ದರು. ಅವಳಿಗೆ ಅತ್ತಿಗೆಯ ಮುಖ ಕಂಡರೆ ಕೈಕಾಲೇ ಆಡುತ್ತಿರಲಿಲ್ಲ. ಮಗಳ ಜಾಗಕ್ಕೆ ಯಾರು ಬಂದರೂ, "ಸರಿ, ಹೋಗಬೇಡ ಬಿಡು" ಅಂದುಬಿಡುತ್ತಿದ್ದಳು. ಅತ್ತಿಗೆಗೆ ರೇಗಿತು. "ನಿನ್ನ ಕೈಲಿ ಆಗಲ್ಲ, ಕೊಡಿಲ್ಲಿ" ಎಂದು ಡಬ್ಬಿ ಕಿತ್ತುಕೊಂಡಳು. ಅವತ್ತಿನಿಂದ ಅವಳದೇ ಆ ಪಾತ್ರ. ಊರೂರಿನ ಬೀದಿಗಳಲ್ಲಿ ಯಾರ್ಯಾರೋ ಒಳಗೆ ಬಂದರು. ಕಾಲೇಜು ಹುಡುಗಿಯರು, ಗಂಡಸರು, ಒಬ್ಬಳು ಮುದುಕಿ ಕೂಡ. ಎಲ್ಲರೂ "ಹೋಗಲ್ಲಮ್ಮ" ಅಂದರು. ಕೆಲವರು ಅವಳ ಕಾಲು ಹಿಡಿದರು. ಅವಳು ಒಬ್ಬರಿಗೂ ಸೋಲಲಿಲ್ಲ. ಎಲ್ಲರ ಕೈಗೂ ಡಬ್ಬಿ ಕೊಟ್ಟು ಕಳಿಸಿದಳು. ಮನೆಗೆ ಬಂದು ಡಬ್ಬಿ ತೊಳೆದಿಟ್ಟಳು.

"ದಿನಾ ದಿನಾ ಅವಳನ್ನ ಸಾಯೋಕೆ ಕಳಿಸ್ತೀಯಲ್ಲೇ, ಇದು ಯಾವ ಕರ್ಮ ನಿನಗೆ?" ಎಂದು ನಾನು ಕಿರುಚಿದೆ.

"ಏನೂ ಅನ್ನಿಸಲ್ಲ" ಅಂದಳು. ನನಗೆ ಹೆದರಿಕೆಯಾದದ್ದೇ ಆ ಮಾತಿಗೆ.

ಕೊನೆಗೆ ನಮ್ಮ ಬೀದಿಯಲ್ಲೇ ನಾಟಕ ಎಂದು ಗೊತ್ತಾಯಿತು, ಬೇಕರಿಯ ಮುಂದೆ. ನಾನು ಅತ್ತಿಗೆಯನ್ನು ತರಾಟೆಗೆ ತೆಗೆದುಕೊಂಡೆ.

"ಬೇರೆ ಬೀದಿ ಸಿಗಲಿಲ್ವಾ ನಿನಗೆ? ಅಣ್ಣ ಇದನ್ನ ನೋಡಿದ್ರೆ ಮನೆ ಬಿಟ್ಟೇ ಹೋಗ್ತಾನೆ!"

"ಹೋಗಲಿ. ಇದ್ದುಕೊಂಡು ಮಾತಾಡ್ತಿದಾರಾ?"

ಅಣ್ಣ ಬಂದ. ಜನರ ಹಿಂದೆ, ಬೇಕರಿಯ ಕಟ್ಟೆಗೆ ಒರಗಿ ನಿಂತ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ನಾಟಕ ನೋಡಿದ್ದು ಅಷ್ಟಕ್ಕಷ್ಟೆ. ಮೊದಲ ಸಲ ಆಡಿ ಮುಗಿಯಿತು. ಮತ್ತೆ ಶುರು. ಚೂಟಿಯ ಪಾತ್ರದ ಗುಂಗುರು ಕೂದಲ ಹುಡುಗಿ ಇನ್ನೂ ಬಾಯಿ ತೆರೆದಿರಲಿಲ್ಲ.

"ನಿಲ್ಲಿಸಿ" ಅಂದ ಅಣ್ಣ.

ಜನ ದಾರಿ ಬಿಟ್ಟರು. ಬೀದಿಗೆ ಬೀದಿಯೇ ಅವನನ್ನು ಬಲ್ಲದು. ಆಟ ನಡೆಸುವ ಹುಡುಗಿ ತೊದಲುತ್ತ, "ಯಾರ ಜಾಗಕ್ಕೆ ಬರ್ತೀರಿ ಅಂಕಲ್?" ಎಂದು ಕೇಳಿದಳು.

ಅವನು ಮೂಲೆಗೆ ಹೋದ. ಹೆಗಲ ಮೇಲಿನ ಟವೆಲ್ ಮುಖಕ್ಕೆ ಎಳೆದುಕೊಂಡು ಆ ಬರೀ ನೆಲದ ಮೇಲೆ ಮಲಗಿಬಿಟ್ಟ.

ಅಲ್ಲಿ ಯಾವ ಪಾತ್ರವೂ ಇರಲಿಲ್ಲ. ಅತ್ತಿಗೆ ತನ್ನ ನಾಟಕದಲ್ಲಿ ಅಪ್ಪನನ್ನು ಇಟ್ಟೇ ಇರಲಿಲ್ಲ. ಪಾಪ, ಗುಂಗುರು ಕೂದಲಿನ ಹುಡುಗಿ ಅವಳ ಮುಖ ನೋಡಿದಳು. ಅತ್ತಿಗೆ, "ಆಡು" ಅಂದಳು.

"ಇವತ್ತು ಹೋಗಲ್ಲಮ್ಮ, ಯಾಕೋ ಮನಸ್ಸೇ ಇಲ್ಲ."

"ಮನಸ್ಸಿಲ್ಲ ಅಂತೆ ಮಹಾರಾಣಿಗೆ! ಸುಮ್ಮಸುಮ್ಮನೆ ರಜ ಹಾಕಿದ್ರೆ—"

ಅಣ್ಣ ಟವೆಲ್ ತೆಗೆದು ಎದ್ದು ಕೂತ. "ಇರಲಿ ಬಿಡೇ. ಇವತ್ತೊಂದಿನ ಮನೇಲಿರಲಿ."

ಎರಡು ವರ್ಷದ ಮೇಲೆ ಹೆಂಡತಿಗೆ ನೇರವಾಗಿ ಆಡಿದ ಮಾತು ಅದು. ಆದರೆ ಅತ್ತಿಗೆ ಬಿಡುವವಳಲ್ಲ.

"ಮೆಷಿನ್‌ಗೆ ಇನ್ನೊಬ್ಬಳನ್ನ ಕೂರಿಸ್ತಾರೆ."

"ಕೂರಿಸಲಿ."

"ಕೆಲಸ ಹೋಗುತ್ತೆ."

"ಹೋಗಲಿ."

"ಇವಳಿಗೆ ದಿನಾ ಇದೇ ನೆಪ."

"ಇರಲಿ ಅಂದೆನಲ್ಲ."

ಅತ್ತಿಗೆ ಆಮೇಲೆ ಕೇಳಿದ್ದು ನಾಟಕದ ಮಾತಲ್ಲ. "ಅವತ್ತು ನಿಮಗೆ ಎಚ್ಚರ ಇತ್ತಾ?"

"ಇತ್ತು" ಅಂದ ಅಣ್ಣ. "ಎಲ್ಲಾ ಕೇಳಿಸ್ತಿತ್ತು. ನಿದ್ದೆ ಕೆಡುತ್ತೆ ಅಂತ ಮಗ್ಗಲು ಬದಲಾಯಿಸಿ ಮಲಗಿದೆ."

ಅಯ್ಯೋ, ನಮ್ಮ ತಲೆಗೆ ಏನಾಗಿತ್ತು? ಅವಳೇ ಕಳಿಸಿದ್ದು ಎಂದು ನಿದ್ದೆಯಲ್ಲಿದ್ದವನಿಗೆ ಹೇಗೆ ಗೊತ್ತಾಗಬೇಕು? ನಾವ್ಯಾರೂ ಕೇಳಿರಲಿಲ್ಲ.

ಅತ್ತಿಗೆ ಹುಡುಗಿಯ ಕೈಯಿಂದ ಡಬ್ಬಿ ವಾಪಸ್ ತೆಗೆದುಕೊಂಡಳು. "ಹೋಗಬೇಡ. ಮನೇಲಿರು" ಅಂದಳು.

ಜನ ಜೋರಾಗಿ ಚಪ್ಪಾಳೆ ಹೊಡೆದರು. ಬೇಕರಿಯವನು ಕಣ್ಣು ಒರೆಸಿಕೊಂಡ. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ. ಅತ್ತಿಗೆ ಮಾತ್ರ ಗರಂ ಆದಳು.

"ಯಾಕೆ ಚಪ್ಪಾಳೆ? ಇವಳೊಬ್ಬಳು ಉಳಿದಳು. ಒಳಗೆ ಮಿಕ್ಕವರೆಲ್ಲ ಹೊಲೀತಾ ಕೂತಿದಾರೆ, ಬೀಗ ಇನ್ನೂ ಹಾಗೇ ಇದೆ. ಏನ್ರೋ ನೋಡ್ತಾ ನಿಂತಿದೀರಾ? ಎರಡನೇ ದೃಶ್ಯ ತಗೊಳ್ಳಿ!"

ಹುಡುಗರು ಓಡಿಬಂದು ಬಾಗಿಲು ನಿಲ್ಲಿಸಿದರು. ಅಣ್ಣ ಎದ್ದು, ಟವೆಲ್ ಕೊಡವಿ, ಜನರ ನಡುವೆ ಬಂದು ನಿಂತ. ಆ ಸಂಜೆ ಬಾಗಿಲ ಹತ್ತಿರ "ನಿಲ್ಲಿಸಿ" ಅಂದವರು ಬಹಳ ಜನ. ಹುಡುಗರು ಯಾರಿಗೂ ಸುಲಭಕ್ಕೆ ಸೋಲಲಿಲ್ಲ.

ಮಾರನೆಯ ದಿನ ಅತ್ತಿಗೆ ನಾಟಕದ ಸಾಮಾನಿನ ಜೊತೆ ಒಂದು ಚಾಪೆ ಕಟ್ಟಿಟ್ಟಳು. ಈಗ ಪಾಳಿ ಇಲ್ಲದ ದಿನ ಅಣ್ಣನೂ ಹೋಗುತ್ತಾನೆ. ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಮಲಗುತ್ತಾನೆ. ಮಗಳು "ಹೋಗಲ್ಲಮ್ಮ" ಅಂದಾಗ ಮಗ್ಗಲು ಬದಲಾಯಿಸುತ್ತಾನೆ. ಅವನ ಪಾತ್ರ ಅಷ್ಟೇ, ಬಾಯಿ ತೆರೆಯುವ ಹಾಗಿಲ್ಲ. ಯಾರಾದರೂ "ನಿಲ್ಲಿಸಿ" ಅಂದು ಅವನ ಜಾಗಕ್ಕೆ ಬರಬೇಕು. ಎಷ್ಟೋ ದಿನ ಯಾರೂ ಬರುವುದಿಲ್ಲ.

ಗಂಡ ಹೆಂಡತಿ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಮಾತು ಹೆಚ್ಚೇನಿಲ್ಲ. ಗ್ಯಾಸ್ ಮುಗಿದರೆ ಅಣ್ಣ ಅವಳಿಗೇ ಹೇಳುತ್ತಾನೆ.